ಯಂತ್ರದ ಪಕ್ಕದ ಕುರ್ಚಿ

ಮುಯ್ಯಾಳು ಅಂದರೇನು ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಈ ವಾರ ನಿಮ್ಮ ಗದ್ದೆಯ ನಾಟಿಗೆ ನಾವು, ಮುಂದಿನ ವಾರ ನಮ್ಮ ಗದ್ದೆಗೆ ನೀವು. ಲೆಕ್ಕ ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ನಾಟಿ ಯಂತ್ರ, ಕೊಯ್ಲು ಯಂತ್ರ ಬಂದ ಮೇಲೆ ಇದು ಕಡಿಮೆಯಾಗಿದೆ, ನಿಜ. ಆದರೂ ಒಂದು ಮನೆಯಲ್ಲಿ ಸಾವಾದರೆ ಒಲೆ ಹಚ್ಚುವವರು ಪಕ್ಕದ ಮನೆಯವರೇ.

ಪಟ್ಟಣದ ಕಥೆ ಬೇರೆ. ನಮ್ಮ ನಿಮ್ಮ ಮನೆಯ ಮಕ್ಕಳು ಈಗ ಇರುವುದು ಅಲ್ಲೇ. ಬೆಂಗಳೂರಿನ ಯಾವುದೋ ಮೂರನೇ ಮಹಡಿಯ ರೂಮಿನಲ್ಲಿ ಒಬ್ಬ ಹುಡುಗ ಜ್ವರ ಬಂದು ಮಲಗಿದರೆ, ಎದುರು ಬಾಗಿಲಿನವರಿಗೆ ಅವನ ಹೆಸರು ಕೂಡ ಗೊತ್ತಿರುವುದಿಲ್ಲ. ಅವನಿಗೂ ಅವರ ಹೆಸರು ಗೊತ್ತಿಲ್ಲ. ಇಂಥ ಕಡೆ ಮುಯ್ಯಿ ಹುಟ್ಟುವುದು ಹೇಗೆ? ಕಂಪ್ಯೂಟರ್ ಇಟ್ಟು ಹುಟ್ಟಿಸಬಹುದೇ ಅಂತ ಪಟ್ಟಣದವರು ಪ್ರಯತ್ನ ಮಾಡುತ್ತಾ 50 ವರ್ಷ ದಾಟಿತು. ವಾಟ್ಸಾಪ್ ಬರುವುದಕ್ಕೆ ಬಹಳ ಮೊದಲೇ ಶುರುವಾದ ಕಥೆ ಇದು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಬರ್ಕ್ಲಿ ಅಂತ ಒಂದು ಊರು. ವಿಶ್ವವಿದ್ಯಾಲಯ ಇರುವ ಊರಾದ್ದರಿಂದ ಹುಡುಗರು ಜಾಸ್ತಿ. ಅಲ್ಲಿ ಲಿಯೊಪೋಲ್ಡ್ಸ್ ಅನ್ನುವ ಗ್ರಾಮಫೋನ್ ರೆಕಾರ್ಡಿನ ಅಂಗಡಿ ಇತ್ತು. 1973ರ ಆಗಸ್ಟ್‌ನಲ್ಲಿ ಆ ಅಂಗಡಿಯ ಮೆಟ್ಟಿಲು ಹತ್ತಿದವರಿಗೆ ಎದುರಲ್ಲೇ ಒಂದು ರಟ್ಟಿನ ಪೆಟ್ಟಿಗೆ ಕಾಣುತ್ತಿತ್ತು. ಪೆಟ್ಟಿಗೆಯಲ್ಲಿ ಕೈ ತೂರಿಸಲು ತೂತುಗಳು. ಒಳಗೆ ಟೆಲಿಟೈಪ್ ಯಂತ್ರ, ಅಂದರೆ ಬಂದ ಉತ್ತರವನ್ನು ಕಾಗದದ ಮೇಲೆ ಟಕಟಕ ಅಂತ ಅಚ್ಚು ಹಾಕುವ ಟೈಪ್‌ರೈಟರ್. ಅದರ ಸದ್ದು ತಡೆಯಲಾಗದಷ್ಟು ಜೋರಾಗಿದ್ದುದರಿಂದಲೇ ಪೆಟ್ಟಿಗೆ ಹೊದಿಸಿದ್ದರು. ಟೆಲಿಫೋನ್ ತಂತಿಯ ಮೂಲಕ ಅದು ಕೊಲ್ಲಿಯ ಆಚೆ ದಡದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ಒಂದು ದೊಡ್ಡ ಕಂಪ್ಯೂಟರಿಗೆ ಸೇರಿತ್ತು.

ಯೋಜನೆಯ ಹೆಸರು ಕಮ್ಯುನಿಟಿ ಮೆಮೊರಿ. ಊರಿನ ನೆನಪು ಅನ್ನೋಣ. ಮಾಡಿದವರು ಲೀ ಫೆಲ್ಸೆನ್‌ಸ್ಟೀನ್, ಎಫ್ರೆಮ್ ಲಿಪ್ಕಿನ್, ಮಾರ್ಕ್ ಷ್ಪಕೋವ್ಸ್ಕಿ ಮತ್ತು ಅವರ ಗೆಳೆಯರು. ಕಂಪ್ಯೂಟರ್ ಅಂದರೆ ಮಿಲಿಟರಿ, ಬ್ಯಾಂಕು, ದೊಡ್ಡ ಕಂಪನಿಗಳ ಸೊತ್ತು ಅಂತ ಜನ ಹೆದರುತ್ತಿದ್ದ ಕಾಲ ಅದು. ಅದನ್ನು ತಂದು ಬೀದಿಯವರ ಕೈಗೆ ಕೊಟ್ಟರೆ ಏನಾಗುತ್ತದೆ ನೋಡೋಣ ಅಂತ ಹೊರಟರು. ಕಲಿಯಬೇಕಾದ ಮುಖ್ಯ ಆಜ್ಞೆಗಳು ಎರಡೇ: ಸೇರಿಸು, ಹುಡುಕು. ನಿಮ್ಮ ಬಳಿ ಕೊಡುವುದಕ್ಕೆ ಏನಿದೆ, ನಿಮಗೆ ಬೇಕಾದ್ದೇನು, ಅದನ್ನು ಸೇರಿಸಿ. ಬೇರೆಯವರು ಸೇರಿಸಿದ್ದನ್ನು ಹುಡುಕಿ.

ಯಂತ್ರ ಇಟ್ಟ ಜಾಗವನ್ನೂ ಅವರು ಜಾಣತನದಿಂದ ಆರಿಸಿದ್ದರು. ಆ ಜಾಗದಲ್ಲಿ ಮೊದಲಿಂದಲೂ ಒಂದು ಹಲಗೆ ಇತ್ತು. ಗಿಟಾರ್ ನುಡಿಸುವವರು ಬೇಕು, ಡ್ರಮ್ ಮಾರಾಟಕ್ಕಿದೆ ಅಂತ ಸಂಗೀತಗಾರರು ಚೀಟಿ ಅಂಟಿಸುತ್ತಿದ್ದ ಹಲಗೆ. ಜನ ಈಗಾಗಲೇ ಕೇಳಿ ಕೊಟ್ಟು ಮಾಡುತ್ತಿದ್ದ ಕಡೆಯೇ ಯಂತ್ರ ಬಂದು ಕೂತಿತು. ಹೊಸ ಕಟ್ಟಡ ಕಟ್ಟಿ, ಬೋರ್ಡು ಹಾಕಿ, ಬನ್ನಿ ಪರಸ್ಪರ ಸಹಾಯ ಮಾಡಿ ಅಂತ ಕರೆಯಲಿಲ್ಲ.

ಬೇಗ ಸಂಗೀತಗಾರರು ಬಂದರು. ಬಾಡಿಗೆ ಮನೆ ಹುಡುಕುವವರು, ಕಾರಿನಲ್ಲಿ ಜೊತೆಗೆ ಹೋಗಲು ಜನ ಹುಡುಕುವವರು ಬಂದರು. ಕವಿಗಳೂ ಬಂದರು. ಅವರನ್ನು ಯಾರೂ ಕರೆದಿರಲಿಲ್ಲ, ಆದರೆ ಕವಿಗಳು ಎಲ್ಲ ಕಡೆಯೂ ಹೀಗೆಯೇ. ಒಬ್ಬರು ಒಂದು ಪ್ರಶ್ನೆ ಹಾಕಿದರು: ಈ ಸೀಮೆಯಲ್ಲಿ ಒಳ್ಳೆ ಬೇಗಲ್ ಎಲ್ಲಿ ಸಿಗುತ್ತದೆ? ಬೇಗಲ್ ಅಂದರೆ ನಡುವೆ ತೂತಿರುವ, ದೊಡ್ಡ ಕೋಡುಬಳೆ ಆಕಾರದ ಬನ್ನು. ಉತ್ತರವಾಗಿ ಅಂಗಡಿಗಳ ಹೆಸರು ಬಂದವು. ಅದರ ಜೊತೆ ಯಾರೂ ಎಣಿಸದ ಇನ್ನೊಂದು ಉತ್ತರ ಬಂತು. ಮೊದಲು ಬೇಗಲ್ ಮಾಡುವ ಕೆಲಸದಲ್ಲಿದ್ದ ಒಬ್ಬರು, ಫೋನ್ ಮಾಡಿ, ಮಾಡುವುದನ್ನೇ ಕಲಿಸಿಕೊಡುತ್ತೇನೆ ಅಂದಿದ್ದರು. ಮುಂದೆ ಫೆಲ್ಸೆನ್‌ಸ್ಟೀನ್ ಈ ಕಥೆಯನ್ನು ಮತ್ತೆ ಮತ್ತೆ ಹೇಳಿಕೊಂಡರು. ಕೇಳಿದ್ದು ಅಂಗಡಿಯ ವಿಳಾಸ, ಸಿಕ್ಕಿದ್ದು ಒಬ್ಬ ಮೇಷ್ಟ್ರು.

ಈ ಯಂತ್ರದ ಬಗ್ಗೆ ಬರೆಯುವವರು ಕಂಪ್ಯೂಟರ್ ಎಷ್ಟು ದೊಡ್ಡದಿತ್ತು, ತಂತಿ ಎಷ್ಟು ನಿಧಾನವಿತ್ತು ಅಂತ ಬರೆಯುತ್ತಾರೆ. ನಮ್ಮ ಕಣ್ಣು ನಿಂತದ್ದು ಬೇರೆ ಕಡೆ. ಪೆಟ್ಟಿಗೆಯ ಪಕ್ಕದಲ್ಲಿ ಒಬ್ಬರು ಇರುತ್ತಿದ್ದರು. ಬಂದವರನ್ನು ಮಾತಾಡಿಸಿ, ಇದರಲ್ಲಿ ಏನು ಹುಡುಕೋಣ ಅಂತ ಕೇಳಿ, ಹೀಗೆ ಒತ್ತಿ ಅಂತ ತೋರಿಸಿಕೊಡುವುದು ಅವರ ಕೆಲಸ. ಆ ಮನುಷ್ಯ ಇಲ್ಲದಿದ್ದರೆ ಅರ್ಧ ಜನ ಪೆಟ್ಟಿಗೆಯ ಹತ್ತಿರವೂ ಸುಳಿಯುತ್ತಿರಲಿಲ್ಲವೇನೋ ಅಂತ ನಮಗನ್ನಿಸುತ್ತದೆ. ಊರಿನ ಪೋಸ್ಟಾಫೀಸಿನಲ್ಲಿ ಮನಿಯಾರ್ಡರ್ ಫಾರಂ ತುಂಬಿಕೊಡುತ್ತಿದ್ದವರನ್ನು ಕಂಡವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಆ ಕುರ್ಚಿಯನ್ನು ನೆನಪಿಟ್ಟುಕೊಳ್ಳಿ, ಮುಂದೆಯೂ ಬೇಕಾಗುತ್ತದೆ.

1975ರ ಹೊತ್ತಿಗೆ ಮೊದಲ ಪ್ರಯೋಗ ನಿಂತಿತು. ಅಷ್ಟು ಭಾರಿ ಕಂಪ್ಯೂಟರನ್ನು ನಂಬಿ ಬೆಳೆಯುವುದು ಸಾಧ್ಯವಿರಲಿಲ್ಲ. 1980ರ ದಶಕದಲ್ಲಿ ಅವರೇ ಮತ್ತೆ ಶುರು ಮಾಡಿ, ಬಟ್ಟೆ ಒಗೆಯುವ ಅಂಗಡಿ, ಗ್ರಂಥಾಲಯಗಳಂಥ ಕಡೆ ಯಂತ್ರ ಇಟ್ಟರು. ಓದುವುದು ಪುಕ್ಕಟೆ, ಬರೆಯಬೇಕಾದರೆ 25 ಸೆಂಟ್ ನಾಣ್ಯ ಹಾಕಬೇಕು. ಬಾಯಿಗೆ ಬಂದದ್ದೆಲ್ಲ ಬರೆಯುವವರಿಗೆ ನಾಣ್ಯದ ಕಡಿವಾಣ. ನಮ್ಮೂರ ಗ್ರೂಪಿನಲ್ಲಿ ಬೆಳಗ್ಗೆ ಐದಕ್ಕೇ ಗುಡ್ ಮಾರ್ನಿಂಗ್ ಫೋಟೋ ಹಾಕುವವರನ್ನು ನೋಡಿದಾಗ ಈ ನಿಯಮ ನಮಗೂ ಇಷ್ಟವಾಗುತ್ತದೆ. 1992ರಲ್ಲಿ ಅದೂ ಮುಗಿಯಿತು.

ಮುಂದಿನ ಊರು ಕೆನಡಾದ್ದು. ಟೊರಾಂಟೊ ನಗರದ ಅಂಚಿನಲ್ಲಿ 1990ರ ದಶಕದ ಕೊನೆಗೆ ಒಂದು ಹೊಸ ಬಡಾವಣೆ ಎದ್ದಿತು. ಅಧ್ಯಯನಕಾರರು ಅದಕ್ಕೆ ಇಟ್ಟ ಹೆಸರು ನೆಟ್‌ವಿಲ್. ಒಟ್ಟು 109 ಮನೆ. ಆಗಿನ ಕಾಲಕ್ಕೆ ಯಾರೂ ಕಾಣದಷ್ಟು ವೇಗದ ಇಂಟರ್ನೆಟ್ಟನ್ನು ಪ್ರಯೋಗಕ್ಕೆಂದು ಪುಕ್ಕಟೆ ಕೊಡುತ್ತೇವೆ ಅಂದಿದ್ದರು. ಆದರೆ ತಂತಿ ಜೋಡಿಸಿದ್ದು 64 ಮನೆಗೆ ಮಾತ್ರ, ಉಳಿದ 45 ಮನೆಗೆ ತಲುಪಲೇ ಇಲ್ಲ. ಮನೆ ಕೊಂಡವರಿಗೆ ಇದು ನಷ್ಟ. ಅಧ್ಯಯನ ಮಾಡುವವರಿಗೆ ಮಾತ್ರ ಒಂದೇ ಹೊಲದಲ್ಲಿ ಗೊಬ್ಬರ ಹಾಕಿದ ಸಾಲು, ಹಾಕದ ಸಾಲು ಎರಡೂ ಸಿಕ್ಕಂತಾಯಿತು.

ಕೀತ್ ಹ್ಯಾಂಪ್ಟನ್ ಅನ್ನುವ ಸಂಶೋಧನಾ ವಿದ್ಯಾರ್ಥಿ ಅಲ್ಲೇ ಒಂದು ಮನೆಯ ನೆಲಮಾಳಿಗೆಯನ್ನು ಬಾಡಿಗೆಗೆ ಹಿಡಿದು ಎರಡು ವರ್ಷದ ಹತ್ತಿರ ಇದ್ದ. ಪ್ರಶ್ನಾವಳಿ ಕಳಿಸಿ ಕೈ ತೊಳೆದುಕೊಳ್ಳಲಿಲ್ಲ, ಅವರ ನಡುವೆ ಬದುಕಿದ. ಅವನ ಗುರು ಬ್ಯಾರಿ ವೆಲ್ಮನ್ ಜೊತೆ ಸೇರಿ ಬರೆದದ್ದು ಹೀಗೆ: ತಂತಿ ಬಂದ ಮನೆಯವರು ಸರಾಸರಿ 25 ನೆರೆಯವರ ಹೆಸರು ಹೇಳುತ್ತಿದ್ದರು, ಬಾರದ ಮನೆಯವರು 8 ಜನರದ್ದು. ಆಗಾಗ ಮಾತಾಡುವವರ ಸಂಖ್ಯೆ ಕೂಡ ಸುಮಾರು ಎರಡರಷ್ಟು. ಅದೂ ಅಕ್ಕಪಕ್ಕದ ಮನೆಯವರಷ್ಟೇ ಅಲ್ಲ, ಆಚೆ ಬೀದಿಯವರು ಕೂಡ.

ಇಂಟರ್ನೆಟ್ ಬಂದರೆ ಜನ ಮನೆಯಿಂದ ಹೊರಗೇ ಬರುವುದಿಲ್ಲ ಅಂತ ಪತ್ರಿಕೆಗಳು ಹೆದರಿಸುತ್ತಿದ್ದ ದಿನಗಳಲ್ಲಿ ಬಂದ ಲೆಕ್ಕ ಇದು. ಕಾರಣ ಬರೀ ವೇಗ ಅಲ್ಲ. ಆ ಬಡಾವಣೆಗೆಂದೇ ಒಂದು ಇಮೇಲ್ ಪಟ್ಟಿ ಇತ್ತು. ಒಬ್ಬರು ಬರೆದರೆ ಅದರಲ್ಲಿರುವ ಎಲ್ಲ ಮನೆಗೂ ಹೋಗುತ್ತಿತ್ತು, ಬಡಾವಣೆಯ ಆಚೆಗೆ ಹೋಗುತ್ತಿರಲಿಲ್ಲ. ದೇಶದ ಸುದ್ದಿಗೆ ಅಲ್ಲಿ ಜಾಗವಿಲ್ಲ. ಮಗು ನೋಡಿಕೊಳ್ಳುವವರು ಗೊತ್ತಾ ಅನ್ನುವಂಥ ಮಾತಿಗೆ ಜಾಗ.

ಸಣ್ಣ ಮಾತು ಅಂತ ತಳ್ಳಿಹಾಕಬೇಡಿ. ಹೊಸ ಮನೆಗಳಲ್ಲಿ ಕೆಲಸ ಸರಿಯಾಗಿ ಮುಗಿದಿರಲಿಲ್ಲ. ಮೊದಲಾಗಿದ್ದರೆ ಪ್ರತಿಯೊಬ್ಬರೂ ನಮ್ಮ ಮನೆಗೆ ಮಾತ್ರ ಹೀಗಾಯಿತು, ನಮ್ಮ ಹಣೆಬರಹ ಅಂದುಕೊಂಡು ಸುಮ್ಮನಾಗುತ್ತಿದ್ದರು. ಪಟ್ಟಿಯಲ್ಲಿ ಒಬ್ಬರು ದೂರು ಬರೆದ ಕೂಡಲೇ ನಮ್ಮದೂ ಹಾಗೇ ಅನ್ನುವವರು ಎದ್ದರು. ಒಟ್ಟಾಗಿ ಹೋಗಿ ಕೇಳಿದರು. ರಿಪೇರಿ ಬೇಗ ಆಯಿತು. ಬಿಲ್ಡರಿಗೆ ಇಂಥ ಗಿರಾಕಿಗಳ ಅಭ್ಯಾಸ ಇರಲಿಲ್ಲ.

ಆಮೇಲೆ 2003ರಲ್ಲಿ ಅರಿಜೋನಾದ ಟೂಸಾನ್ ನಗರದಲ್ಲಿ ಫ್ರೀಸೈಕಲ್ ಹುಟ್ಟಿತು. ಡೆರಾನ್ ಬೀಲ್ ಅನ್ನುವವರು ಗೆಳೆಯರಿಗೆ, ಕೆಲವು ಸಂಸ್ಥೆಗಳಿಗೆ ಒಂದು ಇಮೇಲ್ ಕಳಿಸಿದ್ದೇ ಅದರ ಆರಂಭ. ನಿಮಗೆ ಬೇಡವಾದ ಮಂಚ, ಕುರ್ಚಿಯನ್ನು ಕಸಕ್ಕೆ ಹಾಕಬೇಡಿ, ಊರೊಳಗೇ ಬೇಕಾದವರಿಗೆ ಪುಕ್ಕಟೆ ಕೊಡಿ. ಕೆಲವೇ ವರ್ಷದಲ್ಲಿ ಹಲವು ದೇಶಗಳಿಗೆ ಹರಡಿತು. ಪ್ರತಿ ಊರಿನ ಗುಂಪಿಗೂ ಸಂಬಳವಿಲ್ಲದೆ ನೋಡಿಕೊಳ್ಳುವ ಒಬ್ಬರು. ಅದೇ ಕುರ್ಚಿ ಬೇರೆ ರೂಪದಲ್ಲಿ. ಆ ಕುರ್ಚಿಯಲ್ಲಿ ಕೂತವರನ್ನು ಮೇಲಿನವರು ಅಮೆರಿಕದಿಂದ ನಿಯಮ ಹಾಕಿ ನಡೆಸಲು ಹೊರಟಾಗ ಏನಾಯಿತು ಅಂದರೆ, 2009ರಲ್ಲಿ ಬ್ರಿಟನ್ನಿನ ಬಹಳ ಗುಂಪುಗಳು ಒಟ್ಟಾಗಿ ಹೊರಬಂದು ಫ್ರೀಗಲ್ ಅಂತ ತಮ್ಮದೇ ಕಟ್ಟಿಕೊಂಡವು. ಗಿಡ ಅಲ್ಲೇ ಬೇರು ಬಿಟ್ಟಿತ್ತು, ಹೆಸರು ಹೋದರೂ ಬದುಕಿತು.

ಈಗ ನ್ಯೂಯಾರ್ಕಿಗೆ ಬರೋಣ. ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಓದಿಸುವುದು ಗೊತ್ತಲ್ಲ. ಒಬ್ಬರು ಪುಸ್ತಕ ಹಿಡಿದು ಕೂತು, ಯಾರು ಎಷ್ಟು ಕೊಟ್ಟರು, ಪಾತ್ರೆಯೋ ಸೀರೆಯೋ, ಬರೆದುಕೊಳ್ಳುತ್ತಾರೆ. ಅಮೆರಿಕದಲ್ಲಿ ಇದು ತಲೆಕೆಳಗು. ಮದುವೆಯಾಗುವವರೇ ಏನು ಬೇಕೆಂದು ಅಂಗಡಿಯಲ್ಲಿ ಪಟ್ಟಿ ಬರೆಸಿಡುತ್ತಾರೆ, ನೆಂಟರು ಅದರಲ್ಲಿ ಒಂದೊಂದನ್ನು ಕೊಂಡು ಕಳಿಸುತ್ತಾರೆ. ಅಮೆಜಾನ್‌ನಲ್ಲೂ ಆ ಸೌಲಭ್ಯ ಇತ್ತು.

2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಅಪ್ಪಳಿಸಿತು. ಸಮುದ್ರ ಬೀದಿಗೆ ನುಗ್ಗಿತು, ಕರೆಂಟು ಹೋಯಿತು. ಅದರ ಹಿಂದಿನ ವರ್ಷ ವಾಲ್ ಸ್ಟ್ರೀಟ್ ಬಳಿ ಧರಣಿ ಕೂತಿದ್ದ ಹುಡುಗರು ಚದುರಿಹೋಗಿದ್ದರು, ಆದರೆ ಫೋನ್ ನಂಬರ್, ಇಮೇಲ್ ಪಟ್ಟಿ ಉಳಿದಿದ್ದವು. ಅವರೇ ಮತ್ತೆ ಸೇರಿ ಬ್ರೂಕ್ಲಿನ್‌ನ ಚರ್ಚುಗಳಲ್ಲಿ ಅಡುಗೆ ಮನೆ, ಉಗ್ರಾಣ ತೆರೆದರು. ಆಕ್ಯುಪೈ ಸ್ಯಾಂಡಿ ಅಂತ ಹೆಸರು. ಎಲ್ಲಿಂದಲೋ ಜನ ಹಳೇ ಬಟ್ಟೆಯ ಗಂಟು ಕಳಿಸುತ್ತಿದ್ದರು. ಬೇಕಾದದ್ದು ಬಟ್ಟೆಯಲ್ಲ. ಆಗ ಯಾರಿಗೋ ಹೊಳೆಯಿತು: ಅಮೆಜಾನ್‌ನ ಮದುವೆ ಪಟ್ಟಿಯನ್ನೇ ಬಳಸಿದರೆ? ಮದುಮಕ್ಕಳ ಜಾಗದಲ್ಲಿ ಪ್ರವಾಹ ಸಂತ್ರಸ್ತರು. ಪಾತ್ರೆ, ಹಾಸಿಗೆಯ ಬದಲು ಕಂಬಳಿ, ಟಾರ್ಚು, ಬ್ಯಾಟರಿ, ಮಕ್ಕಳ ಡಯಾಪರ್, ಜನರೇಟರ್. ಎಲ್ಲೋ ದೂರದಲ್ಲಿದ್ದವರು ಕೊಂಡದ್ದು ನೇರವಾಗಿ ಚರ್ಚಿನ ಬಾಗಿಲಿಗೆ ಬಂದು ಇಳಿಯಿತು. ಒಂದು ವಸ್ತು ಸಾಕಷ್ಟು ಬಂದ ಕೂಡಲೇ ಪಟ್ಟಿಯಿಂದ ಅಳಿಸಬಹುದು.

ಆದರೆ ಬಂದು ಇಳಿದ ಕಂಬಳಿ ತಾನಾಗಿ ಮೆಟ್ಟಿಲು ಹತ್ತುವುದಿಲ್ಲ. ಸಮುದ್ರದ ಹತ್ತಿರದ ಸರ್ಕಾರಿ ಬಹುಮಹಡಿ ಮನೆಗಳಲ್ಲಿ ಲಿಫ್ಟು ನಿಂತಿತ್ತು, ಮೇಲಿನ ಮಹಡಿಗಳಲ್ಲಿ ಮುದುಕರು, ಕಾಯಿಲೆಯವರು ಸಿಕ್ಕಿಕೊಂಡಿದ್ದರು. ಫೋನ್ ಚಾರ್ಜ್ ಇಲ್ಲ. ಅವರ ಹೆಸರು ಯಾವ ಪಟ್ಟಿಯಲ್ಲೂ ಇರಲು ಸಾಧ್ಯವಿರಲಿಲ್ಲ. ಕಾರ್ಯಕರ್ತರು ಟಾರ್ಚು ಹಿಡಿದು ಕತ್ತಲ ಮೆಟ್ಟಿಲು ಹತ್ತಿ, ಒಂದೊಂದೇ ಬಾಗಿಲು ತಟ್ಟಿ, ಯಾರಿಗೆ ಯಾವ ಮಾತ್ರೆ ಬೇಕು ಅಂತ ಬರೆದುಕೊಂಡು ಇಳಿದರು. ಎಲ್ಲರಿಗಿಂತ ಹೆಚ್ಚು ಬೇಕಾದವರೇ ಕೇಳದೆ ಉಳಿಯುವುದು. ಈ ತೊಡಕು ಆಮೇಲೂ ತಪ್ಪಲಿಲ್ಲ.

ಕಥೆ ಹೀಗೆ ಒಳ್ಳೆಯದಾಗಿಯೇ ಸಾಗುತ್ತದೆ ಅಂದುಕೊಂಡರೆ ತಪ್ಪು. ಮುಯ್ಯಿ ಅನ್ನುವ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ ಇದೆ ಅಲ್ಲವೇ? ಮಾಡಿದ ಉಪಕಾರ ಹಿಂತಿರುಗಿಸುವುದೂ ಮುಯ್ಯಿ, ಸೇಡು ತೀರಿಸಿಕೊಳ್ಳುವುದೂ ಮುಯ್ಯಿ. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಶುರುವಾದ ನೆಕ್ಸ್ಟ್‌ಡೋರ್ ಅನ್ನುವ ಜಾಲತಾಣ ಒಂದೊಂದು ಬಡಾವಣೆಗೆ ಒಂದೊಂದು ಗುಂಪು ಕಟ್ಟಿಕೊಟ್ಟಿತು. ವಿಳಾಸ ಖಾತ್ರಿ ಮಾಡಿಕೊಂಡೇ ಒಳಗೆ ಸೇರಿಸುತ್ತಾರೆ. ಏಣಿ ಎರವಲು, ಪ್ಲಂಬರ್ ನಂಬರ್, ಕಳೆದ ನಾಯಿ, ಎಲ್ಲ ಇತ್ತು. ಅದರ ಜೊತೆಗೇ ಇನ್ನೊಂದು ಬೆಳೆಯಿತು: ನಮ್ಮ ಬೀದಿಯಲ್ಲಿ ಅನುಮಾನ ಬರುವಂಥವನೊಬ್ಬ ಓಡಾಡುತ್ತಿದ್ದಾನೆ, ಎಚ್ಚರ. ಅನುಮಾನ ಯಾಕೆ ಅಂತ ಕೇಳಿದರೆ ಚರ್ಮ ಕಪ್ಪು, ಅಷ್ಟೇ. ನಮ್ಮ ರಟ್ಟಿನ ಪೆಟ್ಟಿಗೆ ಇದ್ದ ಬರ್ಕ್ಲಿಗೆ ಅಂಟಿಕೊಂಡೇ ಇರುವ ಓಕ್‌ಲ್ಯಾಂಡ್ ನಗರದಲ್ಲಿ 2015ರಲ್ಲಿ ಕಪ್ಪು ಜನರೂ ಅವರ ನೆರೆಯವರೂ ಸೇರಿ ಇದನ್ನು ಪ್ರತಿಭಟಿಸಿದರು. ತಮ್ಮದೇ ಬೀದಿಯಲ್ಲಿ ನಡೆದಾಡಿದ್ದಕ್ಕೆ ಕಳ್ಳರ ಪಟ್ಟಿಗೆ ಸೇರುವುದೇ?

ಕಂಪನಿ 2016ರಲ್ಲಿ ಫಾರಂ ಬದಲಿಸಿತು. ಬಣ್ಣ ಬರೆದರೆ ಸಾಲದು, ಆ ವ್ಯಕ್ತಿ ಏನು ಮಾಡುತ್ತಿದ್ದ, ಬಟ್ಟೆ ಎಂಥದ್ದು, ಅದನ್ನೂ ಬರೆಯಬೇಕು. ಇಂಥ ಬರಹ ಶೇ 75ರಷ್ಟು ಕಡಿಮೆಯಾಯಿತು ಅಂತ ಕಂಪನಿಯೇ ಹೇಳಿಕೊಂಡಿತು. ಎರಡು ಪ್ರಶ್ನೆ ಜಾಸ್ತಿ ಕೇಳಿದ್ದಕ್ಕೆ ಅಷ್ಟು ಇಳಿಯುವುದಾದರೆ, ಮೊದಲೇ ಯಾರಾದರೂ ಪಕ್ಕದಲ್ಲಿ ಕೂತು ಆ ಪ್ರಶ್ನೆ ಕೇಳಿದ್ದರೆ ಎಷ್ಟು ಜನರ ಮಾನ ಉಳಿಯುತ್ತಿತ್ತೋ.

ನಮ್ಮ ದೇಶದಲ್ಲಿ ಈ ಬಗೆಯ ಕೆಲಸ ದೊಡ್ಡದಾಗಿ ಕಂಡದ್ದು 2015ರ ಡಿಸೆಂಬರ್‌ನಲ್ಲಿ, ಚೆನ್ನೈ ಮುಳುಗಿದಾಗ. ಅಡ್ಯಾರ್ ನದಿ ಉಕ್ಕಿ ಮನೆಗಳಿಗೆ ನುಗ್ಗಿತು. ಊರೊಳಗಿನವರು, ಹೊರಗಿನವರು ಸೇರಿ ಇಂಟರ್ನೆಟ್ಟಿನಲ್ಲಿ ಎಲ್ಲರೂ ತೆರೆಯಬಹುದಾದ ಒಂದು ಕೋಷ್ಟಕ ಮಾಡಿದರು. ನಮ್ಮ ಮನೆಯಲ್ಲಿ ಇಷ್ಟು ಜನಕ್ಕೆ ಜಾಗ ಇದೆ, ಇಲ್ಲಿ ಊಟ ಇದೆ, ಇಲ್ಲಿ ದೋಣಿ ಬೇಕು. ಗುರುತಿಲ್ಲದವರಿಗೆ ಜನ ಬಾಗಿಲು ತೆರೆದರು. ತೊಡಕು ಬಂದದ್ದು ಹಳಸಿದ ಸುದ್ದಿಯಿಂದ. ದೋಣಿ ಬಂದು ಕರೆದುಕೊಂಡು ಹೋದ ಮೇಲೂ ಅದೇ ಮನೆಯ ಕರೆ ಇನ್ನೂ ಸುತ್ತುತ್ತಿರುತ್ತದೆ. ಕೇಳುವ ಉತ್ಸಾಹ ಎಲ್ಲರಿಗೂ, ಅಳಿಸುವ ಕೆಲಸ ಯಾರಿಗೂ ಬೇಡ.

2020ರ ಮಾರ್ಚ್‌ನಲ್ಲಿ ಲಂಡನ್ನಿನ ಲೂಯಿಷಾಮ್‌ನಲ್ಲಿ ಕೊರೊನಾ ಕಾಲದ ನೆರವಿಗೆಂದು ಒಂದು ಗುಂಪು ಶುರುವಾಯಿತು. ಕೆಲವೇ ವಾರದಲ್ಲಿ ಬ್ರಿಟನ್ ತುಂಬ ಸಾವಿರಾರು ಗುಂಪು. ವಾಟ್ಸಾಪ್ ಗ್ರೂಪಿಗೆ ಆಗ 256 ಜನರ ಮಿತಿ ಇತ್ತು. ಗುಂಪು ತುಂಬಿದಾಗ ವಾರ್ಡಿಗೊಂದು, ಬೀದಿಗೊಂದು ಅಂತ ಒಡೆಯಬೇಕಾಯಿತು. ಆ ಮಿತಿ ತೊಂದರೆಯಲ್ಲ, ಭಾಗ್ಯ ಅನ್ನುತ್ತೇವೆ ನಾವು. ಬೀದಿಯ ಗುಂಪಿನಲ್ಲಿ ಮಾತ್ರ ಹಾಲು ತಂದುಕೊಡಿ ಅಂತ ಕೇಳಲು ಸಾಧ್ಯ. ಫೋನ್ ಬಳಸದ ಹಿರಿಯರಿಗಾಗಿ ಅವರು ಏನು ಮಾಡಿದರು ಗೊತ್ತೇ? ಹೆಸರು, ನಂಬರ್ ಬರೆದ ಕಾಗದದ ಚೀಟಿಯನ್ನು ಪ್ರತಿ ಬಾಗಿಲಿನ ಸಂದಿಯಲ್ಲಿ ತೂರಿಸಿ ಬಂದರು.

ಅದೇ ಮಾರ್ಚ್ ಕೊನೆಗೆ ಇಲ್ಲಿ ಲಾಕ್‌ಡೌನ್. ಬೆಂಗಳೂರೂ ಸೇರಿ ಎಲ್ಲ ದೊಡ್ಡ ನಗರಗಳಲ್ಲಿ ಕಟ್ಟಡ ಕೆಲಸದವರು ಕೂಲಿಯಿಲ್ಲದೆ ಶೆಡ್ಡುಗಳಲ್ಲಿ ಸಿಕ್ಕಿಕೊಂಡರು. ಅವರು ಟ್ವಿಟರ್‌ನಲ್ಲಿ ಬರೆಯುವವರಲ್ಲ. ಸ್ವಾನ್ ಅನ್ನುವ ಸ್ವಯಂಸೇವಕರ ಜಾಲ ಫೋನ್ ನಂಬರ್ ಕೊಟ್ಟಿತು. ಕರೆ ಮಾಡಿದವರ ಭಾಷೆ ಬಲ್ಲವರು ಮಾತಾಡಿ, ಎಷ್ಟು ದಿನದ ಅಕ್ಕಿ ಉಳಿದಿದೆ ಅಂತ ಕೇಳಿ, ಬರೆದುಕೊಂಡು, ಅಕ್ಕಿ ಮುಟ್ಟಿಸಲು ನೋಡಿದರು. ಆಗದಿದ್ದರೆ ಕೈಲಾದಷ್ಟು ಹಣ ಕಳಿಸಿದರು. ಮೊದಲ 21 ದಿನದಲ್ಲಿ 11 ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಮುಟ್ಟಿದ ಲೆಕ್ಕ ಅವರ ವರದಿಯಲ್ಲಿದೆ. ಕಂಪ್ಯೂಟರಿನ ಮುಂದೆ ಕೂತವರು ಬೇರೆ, ಹಸಿದವರು ಬೇರೆ. ನಡುವೆ ಒಂದು ಫೋನ್ ಕರೆ.

2021ರ ಏಪ್ರಿಲ್, ಮೇ ತಿಂಗಳಲ್ಲಿ ನಾವೂ ಆ ಕುರ್ಚಿಯಲ್ಲಿ ಕೂತೆವು. ಪತ್ರಿಕೋದ್ಯಮದ ಕೊನೆಯ ಸೆಮಿಸ್ಟರು, ಕಾಲೇಜು ಮುಚ್ಚಿ ಎಲ್ಲರೂ ಊರಿಗೆ ಬಂದಿದ್ದೆವು. ಬೆಂಗಳೂರಿನಲ್ಲಿದ್ದ ನಮ್ಮೂರುಗಳ ಹುಡುಗರಿಗೆ, ಅವರ ಮನೆಯವರಿಗೆ ಬೆಡ್ಡು, ಆಕ್ಸಿಜನ್ ಬೇಕಿತ್ತು. ಸಿಗ್ನಲ್ ಸಿಗುವುದು ಊರಾಚೆ ನೀರಿನ ಟ್ಯಾಂಕಿನ ಹತ್ತಿರ. ಅಲ್ಲಿ ಕೂತು ಫೇಸ್‌ಬುಕ್, ಟ್ವಿಟರ್‌ನಲ್ಲಿ ಸುತ್ತುತ್ತಿದ್ದ ನಂಬರ್‌ಗಳಿಗೆ ಒಂದೊಂದಾಗಿ ಫೋನ್ ಮಾಡಿದೆವು. ಬಹುಪಾಲು ಸ್ವಿಚ್ ಆಫ್. ಕೆಲವರು ಎತ್ತಿ, ನಿನ್ನೆಯೇ ಮುಗಿಯಿತು ಅಂದರು. ಒಬ್ಬರು ಸಿಲಿಂಡರಿಗೆ ಮೊದಲು ಹಣ ಹಾಕಿ ಅಂದರು. ಹಾಕಿದೆವು, ಆಮೇಲೆ ಅವರೂ ಸ್ವಿಚ್ ಆಫ್.

ಎರಡನೇ ದಿನಕ್ಕೆ ಬುದ್ಧಿ ಬಂತು. ಮಾತಾಡಿ ಖಾತ್ರಿ ಮಾಡಿಕೊಳ್ಳದೆ ಒಂದು ನಂಬರನ್ನೂ ಮುಂದೆ ಕಳಿಸಬಾರದು, ಮಾತಾಡಿದ ಹೊತ್ತನ್ನು ಪಕ್ಕದಲ್ಲಿ ಬರೆಯಬೇಕು, ಎರಡು ಗಂಟೆ ಕಳೆದರೆ ಹೊಡೆದುಹಾಕಬೇಕು. ನಗರಗಳಲ್ಲಿ ಸಾವಿರಾರು ಹುಡುಗ ಹುಡುಗಿಯರು ಇದನ್ನೇ ಮಾಡುತ್ತಿದ್ದರು ಅಂತ ಆಮೇಲೆ ತಿಳಿಯಿತು. ಹೀಗೆ ಇಂಟರ್ನೆಟ್ಟಿನಲ್ಲಿ ಸಹಾಯ ಕೇಳುವ ಜನರ ಬಾಯಿ ಮುಚ್ಚಿಸಬಾರದು ಅಂತ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂತು. ಕೇಳುವುದನ್ನೇ ಅಪರಾಧ ಮಾಡಲು ಹೊರಟವರಿದ್ದರು.

ನಾವು ಬರೆದುಕೊಂಡದ್ದು ನಮ್ಮಲ್ಲೊಬ್ಬರ ಮನೆಯ ಹಾಲಿನ ಲೆಕ್ಕದ ಪುಸ್ತಕದಲ್ಲಿ. ಮೊದಲ ಪುಟಗಳಲ್ಲಿ ಡೇರಿಗೆ ಹಾಕಿದ ಲೀಟರು, ಅದರ ಹಿಂದೆ ಹೆಸರು, ವಯಸ್ಸು, ಆಕ್ಸಿಜನ್ ಮಟ್ಟ, ಏರಿಯಾ, ಕರೆ ಮಾಡಿದ ಹೊತ್ತು. ಕೊನೆಯ ಕಾಲಂನಲ್ಲಿ ಏನಾಯಿತು ಅನ್ನುವುದು. ಕೆಲವು ಕಡೆ ಬೆಡ್ ಸಿಕ್ಕಿತು ಅಂತ ಇದೆ. ಒಂದು ಕಡೆ ಎದುರು ಮನೆಯವರು ಆಟೋ ಮಾಡಿಕೊಂಡು ಕರೆದೊಯ್ದರು ಅಂತ ಇದೆ. ಆ ಮನೆಯವರಿಗೆ ಅದುವರೆಗೆ ಹುಡುಗನ ಹೆಸರು ಗೊತ್ತಿರಲಿಲ್ಲ. ನಾವು ಮನೆ ಮಾಲೀಕರ ನಂಬರ್ ಹುಡುಕಿ, ಅವರಿಂದ ಎದುರು ಬಾಗಿಲಿನವರ ನಂಬರ್ ತೆಗೆದುಕೊಂಡು ಫೋನ್ ಮಾಡಿದಾಗಲೇ ಅವರು ಕೇಳಿದ್ದು. ಆ ಹುಡುಗ ಈಗಲೂ ಹಬ್ಬಕ್ಕೆ ಊರಿಗೆ ಬಂದು ಹೋಗುವಾಗ ಆ ಮನೆಗೆ ತೆಂಗಿನಕಾಯಿ ಒಯ್ಯುತ್ತಾನೆ.

ಪುಸ್ತಕದಲ್ಲಿ ಏಳು ಸಾಲುಗಳ ಕೊನೆಯ ಕಾಲಂ ಖಾಲಿ ಇದೆ. ಆಮೇಲೆ ಫೋನ್ ಮಾಡಿ ಕೇಳುವ ಧೈರ್ಯ ನಮಗೆ ಬರಲಿಲ್ಲ.